ಟರ್ಬೊ ಕಾರಿಗೆ ಆಯಿಲ್ ಗ್ರೇಡ್ ಆರಿಸುವುದು ಹೇಗೆ?

ಕರಾವಳಿಯ ಸೆಕೆಗೆ ದಪ್ಪ ಆಯಿಲೇ ಬೇಕು ಎಂಬ ಮಾತು ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಇನ್ನೂ ಓಡುತ್ತಿದೆ. ಅಂಬಾಸಿಡರ್, ಹಳೆಯ ಜೀಪುಗಳಿಗೆ ಅದು ಸರಿಯೇ. ಆಕ್ಟೇವಿಯಾ ವಿಆರ್‌ಎಸ್, ವರ್ಟಸ್ 1.5 ಟಿಎಸ್‌ಐ, ಐ20 ಎನ್ ಲೈನ್‌ನಂಥ, ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇರುವ ಗಾಡಿಗೆ ಅದೇ ಲೆಕ್ಕದಲ್ಲಿ 20ಡಬ್ಲ್ಯು-50ರಂಥ ದಪ್ಪ ಗ್ರೇಡಿನ ಆಯಿಲ್ ಸುರಿದರೆ ಕೆಡುವುದು ಇಂಜಿನ್ನೇ. ಹೊರಗೆ 34 ಡಿಗ್ರಿ ಇರಲಿ, 24 ಇರಲಿ, ಬಿಸಿಯಾದ ಇಂಜಿನ್ನಿನ ಆಯಿಲ್ ಹೇಗೂ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಗ್ರೇಡ್ ಆರಿಸಬೇಕಾದದ್ದು ಆ ಬಿಸಿಗೆ.

ಹಂತ 1: ಗಾಡಿಯ ಮ್ಯಾನ್ಯುಯಲ್ ತೆಗೆದು ಎರಡು ವಿಷಯ ಬರೆದುಕೊಳ್ಳಿ. ಒಂದು, ಒಪ್ಪಿತ ಗ್ರೇಡುಗಳು. ಇನ್ನೊಂದು, ಕಂಪನಿಯ ಅಪ್ರೂವಲ್ ಸಂಖ್ಯೆ ಅಥವಾ ಎಸಿಇಎ (ಯುರೋಪಿನ ಕಾರು ಕಂಪನಿಗಳ ಸಂಘ), ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಕೊಡುವ ದರ್ಜೆ. ಎರಡನೆಯದನ್ನು ಯಾರೂ ಓದುವುದಿಲ್ಲ, ಮುಖ್ಯವಾದದ್ದು ಅದೇ.

ಹಂತ 2: 'ಡಬ್ಲ್ಯು'ವಿಗೆ ಮೊದಲು ಬರುವ ಅಂಕಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅದು ಚಳಿಯ ಲೆಕ್ಕ: 5ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ, 0ಡಬ್ಲ್ಯು ಆಯಿಲನ್ನು ಮೈನಸ್ 35ರಲ್ಲಿ. 0ಡಬ್ಲ್ಯು-40 ಕೆಟ್ಟದ್ದೇನಲ್ಲ, ಆದರೆ ಮ್ಯಾನ್ಯುಯಲ್ 5ಡಬ್ಲ್ಯು-40ನ್ನೂ ಒಪ್ಪಿದ್ದರೆ ಅದನ್ನೇ ತೆಗೆದುಕೊಳ್ಳಿ. ಇಲ್ಲಿ ಇಲ್ಲದ ಚಳಿಗೆ ದುಡ್ಡು ಯಾಕೆ?

ಹಂತ 3: ಎಡವುವುದು ಇಲ್ಲಿ. ಕೊನೆಯ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ದಪ್ಪ ಎಂದು ಹೇಳುತ್ತದೆ. 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ (ಆಯಿಲಿನ ದಪ್ಪ ಅಳೆಯುವ ಮಾನ), 40 ಎಂದರೆ 12.5ರಿಂದ 16.3, 50 ಎಂದರೆ 16.3ರಿಂದ 21.9. ಪಟ್ಟಿ ಇಷ್ಟು ಅಗಲ ಇರುವುದರಿಂದ ಒಂದೇ ಗ್ರೇಡಿನ ಎರಡು ಆಯಿಲ್‌ಗಳ ನಡುವೆಯೂ ದೊಡ್ಡ ಅಂತರ ಇರಬಹುದು. ಜೊತೆಗೆ ಇದು ಆಯಿಲ್ ಸುಮ್ಮನೆ ಹರಿಯುವಾಗಿನ ಅಳತೆ. ಬೇರಿಂಗ್ ಸಂದಿಯಲ್ಲಿ ಜಜ್ಜಿಸಿಕೊಳ್ಳುವಾಗ ಆಯಿಲ್ ಇನ್ನೂ ತೆಳುವಾಗುತ್ತದೆ. ಅದನ್ನು 150 ಡಿಗ್ರಿಯಲ್ಲಿ ಅಳೆದು ಎಚ್‌ಟಿಎಚ್‌ಎಸ್ (ಹೈ ಟೆಂಪರೇಚರ್ ಹೈ ಶಿಯರ್) ಎಂದು ಕೊಡುತ್ತಾರೆ. ಟರ್ಬೊ ಗಾಡಿಯವರು ನೋಡಬೇಕಾದ ಅಂಕಿ ಇದು.

30 ಗ್ರೇಡಿಗೆ ಎಚ್‌ಟಿಎಚ್‌ಎಸ್ 2.9 ಇದ್ದರೆ ಸಾಕು. ಆದರೆ ಎಸಿಇಎ ಎ3/ಬಿ4 ಅಥವಾ ಸಿ3 ಎಂದು ಬರೆಯಬೇಕಾದರೆ ಕನಿಷ್ಠ 3.5 ಇರಲೇಬೇಕು. ಹಾಗಾಗಿ ಅಂಗಡಿಯ ಒಂದೇ ಸಾಲಿನಲ್ಲಿ ಕೂತ ಎರಡು 5ಡಬ್ಲ್ಯು-30 ಕ್ಯಾನ್‌ಗಳು ಒಂದೇ ಅಲ್ಲ: ಮೈಲೇಜ್‌ಗಾಗಿ ಮಾಡಿದ್ದು 3ರ ಹತ್ತಿರ ನಿಲ್ಲುತ್ತದೆ, ಫೋಕ್ಸ್‌ವ್ಯಾಗನ್ 504/507 ಅಪ್ರೂವಲ್ ಇರುವುದು 3.5 ದಾಟುತ್ತದೆ. ಮುಂಭಾಗದ ದೊಡ್ಡಕ್ಷರ ನೋಡಿ ಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ. ಎಚ್‌ಟಿಎಚ್‌ಎಸ್ ಅಂಕಿ ಕ್ಯಾನ್ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಆಯಿಲ್ ಕಂಪನಿಯ ಡೇಟಾ ಶೀಟ್ ಡೌನ್‌ಲೋಡ್ ಮಾಡಿ ನೋಡಿ. ಅಲ್ಲೂ ಇಲ್ಲದಿದ್ದರೆ ಆ ಆಯಿಲ್ ಬಿಟ್ಟುಬಿಡಿ.

ಹಾಗಾದರೆ 50 ಗ್ರೇಡೇ ಒಳ್ಳೆಯದಲ್ಲವೇ? ಅಲ್ಲ. ಇಂಜಿನ್ ತಣ್ಣಗಿರುವಾಗ ದಪ್ಪ ಆಯಿಲ್ ಟರ್ಬೊದ ಬೇರಿಂಗ್ ತಲುಪಲು ತಡ ಮಾಡುತ್ತದೆ. ಪ್ರೆಶರ್ ಏರಿದಾಗ ಪಂಪಿನ ರಿಲೀಫ್ ವಾಲ್ವ್ ತೆರೆದು ಒಂದಷ್ಟು ಆಯಿಲ್ ಕೆಲಸಕ್ಕೆ ಬಾರದೆ ವಾಪಸ್ ಹೋಗುತ್ತದೆ. ಇಂಜಿನ್ನಿನ ವಾಲ್ವ್ ತೆರೆಯುವ ಹೊತ್ತನ್ನು (ಟೈಮಿಂಗ್) ಬದಲಿಸುವ ಸಣ್ಣ ಆಯಿಲ್ ದಾರಿಗಳಲ್ಲಿ ಹರಿವು ನಿಧಾನವಾಗುತ್ತದೆ. ಪಿಕಪ್ ಕಡಿಮೆ ಆಯಿತು, ಚೆಕ್ ಲೈಟ್ ಬಂತು ಎಂದು ಆಮೇಲೆ ಸೆನ್ಸರ್ ಬದಲಿಸುತ್ತಾ ಕೂರುತ್ತಾರೆ.

ಹಂತ 4: ಗಾಡಿ ಓಡುವ ರೀತಿ ನೋಡಿ. ಕಂಕನಾಡಿಯಿಂದ ಹಂಪನಕಟ್ಟೆಗೆ, ಮಣಿಪಾಲದಿಂದ ಉಡುಪಿ ಪೇಟೆಗೆ ಮಾತ್ರ ಓಡುವ ಗಾಡಿಯಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವ ಮೊದಲೇ ಇಂಜಿನ್ ಆಫ್ ಆಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಇಂಜಿನ್ನಿನಲ್ಲಿ ಸಿಲಿಂಡರ್ ಗೋಡೆಯಿಂದ ಕೆಳಗಿನ ಆಯಿಲ್ ಚೇಂಬರಿಗೆ ಇಳಿದ ಪೆಟ್ರೋಲ್ ಆವಿಯಾಗದೆ ಅಲ್ಲೇ ಉಳಿಯುತ್ತದೆ. ಶೇಕಡಾ ನಾಲ್ಕೈದು ಬೆರೆತರೂ 40 ಗ್ರೇಡ್ 30ಕ್ಕೆ ಇಳಿಯಬಹುದು. ಇಂಥವರು ಮ್ಯಾನ್ಯುಯಲ್ ಒಪ್ಪುವ ಗ್ರೇಡುಗಳಲ್ಲಿ ಮೇಲಿನದನ್ನು ಆರಿಸಿ, ಆಯಿಲನ್ನು ಬೇಗ ಬದಲಿಸಬೇಕು. ಕಂಪನಿ 15,000 ಕಿ.ಮೀ. ಎಂದರೂ 7,500 ಅಥವಾ ಒಂದು ವರ್ಷ, ಯಾವುದು ಮೊದಲೋ ಅದು.

ಹೆದ್ದಾರಿ 66ರಲ್ಲಿ ದಿನಾ ಮಂಗಳೂರು–ಉಡುಪಿ ಓಡುವವರಿಗೆ ಈ ತೊಂದರೆ ಕಡಿಮೆ. ರೀಮ್ಯಾಪ್ ಮಾಡಿಸಿಕೊಂಡವರು (ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಪವರ್ ಏರಿಸಿಕೊಂಡವರು), ಆಗುಂಬೆಯ 14 ತಿರುವುಗಳನ್ನು ಒತ್ತಿ ಹತ್ತುವವರು ಎಚ್‌ಟಿಎಚ್‌ಎಸ್ 3.5ಕ್ಕಿಂತ ಕೆಳಗೆ ಇಳಿಯಲೇಬಾರದು. ಘಾಟಿ ಹತ್ತಿದ ಕೂಡಲೇ ಸೂರ್ಯಾಸ್ತ ನೋಡುವಲ್ಲಿ ಬ್ರೇಕ್ ಹಾಕಿ ಕೀ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಇಲ್ಲದಿದ್ದರೆ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿ ಗಟ್ಟಿಯಾಗುತ್ತದೆ. ಎಷ್ಟು ದುಬಾರಿ ಸಿಂಥೆಟಿಕ್ ಆದರೂ ಅಷ್ಟೇ.

ಡೀಸೆಲ್ ಟರ್ಬೊ, ಅದರಲ್ಲೂ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಯಾದರೆ ಕಡಿಮೆ ಬೂದಿಯ ಎಸಿಇಎ ಸಿ ದರ್ಜೆಯದ್ದೇ ಬೇಕು, ಸಿ2ವೋ ಸಿ3ವೋ ಎಂದು ಮ್ಯಾನ್ಯುಯಲ್ ಹೇಳುತ್ತದೆ. ಎ3/ಬಿ4 ಹಾಕಿದರೆ ಬೂದಿ ಫಿಲ್ಟರಿನಲ್ಲಿ ಕೂರುತ್ತದೆ. ಫಿಲ್ಟರ್ ತನ್ನೊಳಗಿನ ಮಸಿಯನ್ನು ಸುಟ್ಟುಕೊಳ್ಳುವ ರೀಜನರೇಷನ್‌ಗೂ ಅದು ಹೋಗುವುದಿಲ್ಲ.

ಹಂತ 5: ಕ್ಯಾನ್ ತಿರುಗಿಸಿ ಹಿಂಭಾಗ ಓದಿ. 'ಅಪ್ರೂವಲ್' ಎಂದಿದ್ದರೆ ಕಾರು ಕಂಪನಿ ಪರೀಕ್ಷೆ ನೋಡಿ ಒಪ್ಪಿದೆ ಎಂದು. 'ಮೀಟ್ಸ್', 'ಸೂಟಬಲ್ ಫಾರ್' ಎಂದಿದ್ದರೆ ಅದು ಆಯಿಲ್ ಮಾರುವವರ ಮಾತು ಮಾತ್ರ. ಪೆಟ್ರೋಲ್ ಟರ್ಬೊಗೆ ಮ್ಯಾನ್ಯುಯಲ್ ಎಪಿಐ ದರ್ಜೆ ಕೇಳಿದ್ದರೆ ಎಸ್‌ಪಿ ತೆಗೆದುಕೊಳ್ಳಿ. ಕಡಿಮೆ ಆರ್‌ಪಿಎಂನಲ್ಲಿ ಹೆಚ್ಚು ಲೋಡ್ ಬಿದ್ದಾಗ ಪೆಟ್ರೋಲ್ ಸಮಯಕ್ಕೆ ಮೊದಲೇ ಹೊತ್ತಿಕೊಂಡು ಪಿಸ್ಟನ್ ಒಡೆಯುವುದನ್ನು ತಡೆಯಲು 2020ರಲ್ಲಿ ಬಂದ ಈ ದರ್ಜೆಯಲ್ಲಿ ಪ್ರತ್ಯೇಕ ಪರೀಕ್ಷೆ ಇದೆ. ಅಂಗಡಿಯಲ್ಲಿ ಉಳಿದ ಹಳೆಯ ಎಸ್‌ಎನ್ ಸ್ಟಾಕನ್ನು ಡಿಸ್ಕೌಂಟ್‌ನಲ್ಲಿ ಕೊಟ್ಟರೂ ಬೇಡ. ಆಯಿಲಿಗೆ ಸೇರಿಸುವ ಸಣ್ಣ ಬಾಟಲಿ ಅಡಿಟಿವ್‌ಗಳೂ ಬೇಡ, ಲೆಕ್ಕ ಹಾಕಿ ಮಾಡಿದ ಮಿಶ್ರಣವನ್ನು ಅವು ಕೆಡಿಸುತ್ತವೆ.

ಹಂತ 6: ಬದಲಿಸುವುದು. ಸೀಲ್ ನಿಮ್ಮೆದುರೇ ಒಡೆಯಲಿ, ಡ್ರಮ್ಮಿನ ಆಯಿಲ್ ಬೇಡ. ಖಾಲಿ ಕ್ಯಾನಿಗೆ ತೂತು ಹೊಡೆದು ಬಿಡಿ, ನಕಲಿ ತುಂಬುವವರಿಗೆ ಅದು ಸಿಗಬಾರದು. ಫಿಲ್ಟರ್ ಒರಿಜಿನಲ್ ಹಾಕಿಸಿ. ಅಗ್ಗದ್ದರಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಬೇಗ ಗಟ್ಟಿಯಾಗಿ, ಬೆಳಗ್ಗಿನ ಮೊದಲ ಸ್ಟಾರ್ಟಿಗೆ ಟರ್ಬೊ ಒಣಗಿ ತಿರುಗುತ್ತದೆ.

ಹಂತ 7: ತಿಂಗಳಿಗೆ ಎರಡು ಸಲ, ಸಮತಟ್ಟು ಜಾಗದಲ್ಲಿ, ಇಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆಯಿರಿ. ಬಣ್ಣ ಕಪ್ಪಾದರೆ ಗಾಬರಿ ಬೇಡ. ಮಟ್ಟ ಇಳಿದಿದ್ದರೆ ಅದೇ ಆಯಿಲ್ ಸೇರಿಸಿ, ಮೇಲಿನ ಗೆರೆ ದಾಟಿಸಬೇಡಿ. ಸೇರಿಸದೆಯೂ ಮಟ್ಟ ಏರಿದ್ದು, ಕಡ್ಡಿ ಮೂಸಿದರೆ ಪೆಟ್ರೋಲ್ ಹೊಡೆಯುತ್ತಿದ್ದರೆ, ಕಿಲೋಮೀಟರ್ ಎಷ್ಟಾಗಿದೆ ಎಂದು ನೋಡದೆ ಆಯಿಲ್ ಬದಲಿಸಿ.