ತುಮಕೂರಿಂದ ಸ್ಟುಟ್‌ಗಾರ್ಟ್‌ಗೆ ಹೊರಟಿದ್ದೀರಾ? ಬ್ಯಾಗು, ಮನೆ, ಮತ್ತೆ ಭಾನುವಾರದ ವಿಷಯ

ನಮ್ಮ ಎಸ್.ಎಸ್. ಪುರಂ ಕಡೆಯಿಂದ ಈ ಸಲ ಮೂರು ಜನ ಜರ್ಮನಿಗೆ ಹೊರಟಿದ್ದಾರೆ. ಮೂವರೂ ಮನೆಗೆ ಬಂದು ಕೇಳಿದ್ದು ಒಂದೇ, "ಅಕ್ಕಾ, ಏನೇನು ತಗೊಂಡು ಹೋಗ್ಬೇಕು?" ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ಇದ್ದು ಬಂದವಳು ನಾನು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ, ಜೊತೆಗೆ ಅವರು ಕೇಳದೇ ಇದ್ದ ಒಂದು ವಿಷಯವನ್ನೂ.

ರಾಗಿ ಹಿಟ್ಟು, ಬೀಜ ತೆಗೆದ ಹುಣಸೆಹಣ್ಣು, ಸಾರಿನ ಪುಡಿ ಧಾರಾಳವಾಗಿ ಹಾಕಿಕೊಳ್ಳಿ. ತುಪ್ಪ, ಪೇಡ ಬೇಡ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಹಸಿ ಕರಿಬೇವಿಗೂ ಸರ್ಟಿಫಿಕೇಟ್ ಬೇಕು, ಅದರ ಬದಲು ಮನೆಯಲ್ಲೇ ಒಣಗಿಸಿ ಪುಡಿ ಮಾಡಿಕೊಳ್ಳಿ. ಇನ್ನು ಒಣಕೊಬ್ಬರಿ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ. ತಿಪಟೂರಿನ ನಮ್ಮ ಅತ್ತೆ ಆರಿಸಿ ಆರಿಸಿ ಕೊಟ್ಟಿದ್ದ ಗಿಟುಕುಗಳನ್ನು ನಾನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋದೆ. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಮಾರ್ಕ್ಸ್ ಕಾರ್ಡು, ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟು ಎಲ್ಲ ಅಸಲಿ ಕಾಗದಗಳು ಕೈಚೀಲದಲ್ಲಿ ಇರಲಿ.

ಹೋದ ಮೇಲೆ ಮೊದಲ ಕೆಲಸ ವಿಳಾಸ ನೋಂದಣಿ. ಅದಕ್ಕೆ ಅನ್ಮೆಲ್ಡುಂಗ್ ಅನ್ನುತ್ತಾರೆ. ಮನೆ ಸೇರಿದ ಎರಡು ವಾರದೊಳಗೆ ಮಾಡಿಸಬೇಕು, ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕೇ ಬೇಕು. ಬ್ಯಾಂಕು, ಸಂಬಳ, ತೆರಿಗೆ ನಂಬರು ಇವೆಲ್ಲದರಲ್ಲೂ ಈ ವಿಳಾಸವನ್ನೇ ಕೇಳುತ್ತಾರೆ. ಮನೆ ಅಡ್ವಾನ್ಸ್ ಅಂತ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಅದೂ ಹೀಟಿಂಗ್ ಖರ್ಚು ಬಿಟ್ಟು ಬರೀ ಬಾಡಿಗೆಯ ಲೆಕ್ಕ. ಮನೆಯ ಅಂಚೆ ಡಬ್ಬದ ಮೇಲೆ ಮೊದಲ ದಿನವೇ ನಿಮ್ಮ ಹೆಸರು ಅಂಟಿಸಿ. ನಮ್ಮೂರಲ್ಲಿ ಹೆಸರು ಹೇಳಿದರೆ ಸಾಕು, ಪೋಸ್ಟ್‌ಮ್ಯಾನ್ ಮನೆ ಹುಡುಕಿಕೊಂಡು ಬರುತ್ತಾರೆ, ಅಲ್ವಾ? ಅಲ್ಲಿ ಡಬ್ಬದ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನನ್ನ ತೆರಿಗೆ ನಂಬರಿನ ಕಾಗದ ಹೀಗೇ ವಾಪಸ್ ಹೋಗಿತ್ತು.

ಆ ಕಡೆ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಒಂದೇ ಕಟ್ಟಡದಲ್ಲಿ ಇರುವವರು ವಾರಕ್ಕೊಬ್ಬರಂತೆ ಮೆಟ್ಟಿಲು, ಬಾಗಿಲು ಗುಡಿಸಬೇಕು. ನಿಮ್ಮ ಸರದಿ ಬಂದಾಗ ತಪ್ಪಿಸಬೇಡಿ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ನೀರು ಹಾಕುವ ಊರಿನವರು ನಾವು, ನಮಗೆ ಇದು ಕಷ್ಟವೇ ಅಲ್ಲ. ಎರಡನೇ ಸರದಿ ಮುಗಿದ ಮೇಲೆ ಕೆಳಗಿನ ಮನೆಯ ಅಜ್ಜಿ ತಾವಾಗಿಯೇ ನಿಂತು ಮಾತಾಡಿಸಿದರು. ಆ ಊರಲ್ಲಿ ಕೆಲಸವಿಲ್ಲದೆ ಸುಮ್ನೆ ನನ್ನನ್ನು ಮಾತಾಡಿಸಿದ ಮೊದಲನೆಯವರು ಅವರೇ.

ಈಗ ಯಾರೂ ಕೇಳದ ವಿಷಯಕ್ಕೆ ಬರುತ್ತೇನೆ. ಭಾನುವಾರ. ಅಂಗಡಿಗಳೆಲ್ಲ ಮುಚ್ಚಿರುತ್ತವೆ, ತರಕಾರಿ ಕೂಡ ಶನಿವಾರವೇ ತಂದಿಟ್ಟುಕೊಳ್ಳಬೇಕು. ಬೀದಿಯಲ್ಲಿ ಸದ್ದಿರುವುದಿಲ್ಲ. ಊರಿಗೆ ಫೋನ್ ಮಾಡಿದರೆ ಅಲ್ಲಿ ಎಲ್ಲರೂ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದಿರುತ್ತಾರೆ. ಮನಸ್ಸು ಕುಗ್ಗುವುದು ಅವತ್ತೇ. ಆದರೆ ಮ್ಯೂಸಿಯಂಗಳು ಭಾನುವಾರ ತೆರೆದಿರುತ್ತವೆ. ಅಲ್ಲಿ ರಜೆ ಸಾಮಾನ್ಯವಾಗಿ ಸೋಮವಾರ.

ಲಿಂಡೆನ್ ಮ್ಯೂಸಿಯಂಗೆ ಹೋಗಿ. ಮುಖ್ಯ ರೈಲು ನಿಲ್ದಾಣದಿಂದ ನಡೆದರೆ ಹತ್ತು ಹದಿನೈದು ನಿಮಿಷ, ಹೆಗೆಲ್‌ಪ್ಲಾಟ್ಸ್ ಅನ್ನುವ ಜಾಗದಲ್ಲಿದೆ. 1911ರಲ್ಲಿ ತೆರೆದದ್ದು. ಆಫ್ರಿಕಾ, ಜಪಾನು, ಪೆಸಿಫಿಕ್ ದ್ವೀಪಗಳು, ನಮ್ಮ ಕಡೆ, ಹೀಗೆ ಲೋಕದ ಜನರ ಬದುಕಿನ ವಸ್ತುಗಳು ಒಂದೇ ಕಟ್ಟಡದಲ್ಲಿವೆ. ಊರಿನ ನೆನಪಿಗೆ ಸೀದಾ ಭಾರತದ ವಿಭಾಗಕ್ಕೆ ಓಡಬೇಡಿ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಒಂದು ದಿನಕ್ಕೆ ಒಂದೇ ವಿಭಾಗ ನೋಡಿ. ಎಲ್ಲವನ್ನೂ ನೋಡಿ ಮುಗಿಸೋಣ ಅಂತ ಹೋದರೆ ಕಾಲು ನೋಯುತ್ತದೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ.

ಮೊದಲು ಆಫ್ರಿಕಾ ನೋಡಿ. 2019ರಲ್ಲಿ ಶುರುವಾದ ಆ ಪ್ರದರ್ಶನದ ಹೆಸರೇ "ಆಫ್ರಿಕಾ ಎಲ್ಲಿದೆ?" ಅಂತ. ಪ್ರತಿ ವಸ್ತುವಿನ ಪಕ್ಕದ ಚೀಟಿ ಓದಿ, ಫೋನಿನಲ್ಲಿ ಅನುವಾದ ಮಾಡಿಕೊಂಡಾದರೂ ಸರಿ. ಏನು ವಸ್ತು ಅನ್ನುವುದಷ್ಟೇ ಅಲ್ಲ, ಯಾವಾಗ, ಯಾರ ಕೈಯಿಂದ ಇಲ್ಲಿಗೆ ಬಂತು ಅಂತಲೂ ನೋಡಿ. ನಮೀಬಿಯಾದ ನಾಯಕ ಹೆಂಡ್ರಿಕ್ ವಿಟ್‌ಬೋಯಿ ಅವರ ಬೈಬಲ್ಲು ಮತ್ತೆ ಚಾವಟಿ ಈ ಮ್ಯೂಸಿಯಂನಲ್ಲಿ ಬಹಳ ಕಾಲ ಇದ್ದವು. 1893ರಲ್ಲಿ ಜರ್ಮನ್ ಸೈನ್ಯ ಅವರ ಊರಿನ ಮೇಲೆ ದಾಳಿ ಮಾಡಿದಾಗ ಹೊತ್ತು ತಂದ ವಸ್ತುಗಳು ಅವು. 2019ರಲ್ಲಿ ನಮೀಬಿಯಾಗೆ ಹಿಂತಿರುಗಿಸಿದರು. ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜಮನೆತನದ ಕಂಚಿನ ಕೆಲಸಗಳನ್ನು 1897ರಲ್ಲಿ ಬ್ರಿಟಿಷರು ಲೂಟಿ ಮಾಡಿ ಮಾರಿದ್ದರು. ಜರ್ಮನಿಯ ಮ್ಯೂಸಿಯಂಗಳಲ್ಲಿದ್ದ ಅಂಥ 20 ವಸ್ತುಗಳು 2022ರ ಡಿಸೆಂಬರ್‌ನಲ್ಲಿ ನೈಜೀರಿಯಾ ಸೇರಿದವು. ಇದನ್ನೆಲ್ಲ ತಿಳಿದುಕೊಂಡು ನಿಂತರೆ ಗಾಜಿನ ಪೆಟ್ಟಿಗೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಬ್ಯಾಗಿನಲ್ಲಿ ಇರುವ ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಬೆಳೆ. ಸಾವಿರಾರು ವರ್ಷದ ಹಿಂದೆ ನಮ್ಮ ಕಡೆ ಬಂದದ್ದು. ನಮ್ಮ ತುಮಕೂರಿನ ಮಾರ್ಕೆಟ್ಟಿಗೆ ಮೂಟೆಗಟ್ಟಲೆ ಬರುವ ಹುಣಸೆಯ ಮರವೂ ಆಫ್ರಿಕಾದ್ದೇ. ನನಗೆ ಇದು ಗೊತ್ತಾದದ್ದು ಜರ್ಮನ್ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಉಗಾಂಡಾದ ಹುಡುಗಿಯಿಂದ. ಒಂದು ಭಾನುವಾರ ಜೊತೆಗೆ ಹೋಗಿದ್ದೆವು. ಆಫ್ರಿಕಾ ವಿಭಾಗದಲ್ಲಿ ನಿಂತು ಅವಳು ತನ್ನ ಅಜ್ಜಿಯ ಅಡುಗೆಮನೆಯ ಕಥೆ ಹೇಳಿದಳು, ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತೊಳಸಿ ಕಲೋ ಅಂತ ಮಾಡುತ್ತಾರಂತೆ, ಕೈಯಲ್ಲೇ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರಂತೆ. ನಾನು ಅಲ್ಲೇ ಅವಳ ಕೈ ಹಿಡಿದುಕೊಂಡೆ.

ಅದಕ್ಕೇ ಹೇಳುವುದು, ಒಬ್ಬರೇ ಹೋಗಬೇಡಿ. ಕ್ಲಾಸಿನವರನ್ನೋ ಆಫೀಸಿನವರನ್ನೋ, ಬೇರೆ ದೇಶದವರನ್ನೇ ಕರೆದುಕೊಂಡು ಹೋಗಿ, ಅವರ ಊರಿನ ವಿಭಾಗ ಇದ್ದರೆ ಅಲ್ಲಿಂದಲೇ ಶುರು ಮಾಡಿ, ಅವರು ಹೇಳಲಿ, ನೀವು ಕೇಳಿ. ಅವತ್ತು ಸಂಜೆ ನನ್ನ ರೂಮಿನಲ್ಲಿ ಮುದ್ದೆ, ಬಸ್ಸಾರು ಮಾಡಿದೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂದೆ. ಅವಳು ಅಗಿದೇ ತಿಂದಳು, ಎರಡು ಮುದ್ದೆ.