ಲಗ್ನಪತ್ರಿಕೆಗೆ ಕರ್ಸಿವ್ ಅಕ್ಷರ: ಬೆಸುಗೆ ಬಿಡದಂತೆ ಜೋಡಿಸುವುದು ಹೇಗೆ?

ಲಗ್ನಪತ್ರಿಕೆಯ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ಒಕ್ಕಣೆ ಇರುವುದು ಈಗ ನಗರಗಳಲ್ಲಿ ವಾಡಿಕೆಯಾಗಿದೆ. ಇಂಗ್ಲಿಷ್ ಮಗ್ಗುಲಲ್ಲಿ ವಧೂವರರ ಹೆಸರು ಬಳ್ಳಿಯಂತೆ ಬಾಗಿದ ಕರ್ಸಿವ್ ಅಕ್ಷರದಲ್ಲಿರಲಿ ಎಂದು ಮನೆಯವರು ಬಯಸುವುದೂ ಸಹಜವೇ. ಆದರೆ ಈ ಅಕ್ಷರವನ್ನು ಬಿಡಿಬಿಡಿಯಾಗಿ ನಿಲ್ಲುವ ಸಾಧಾರಣ ಅಕ್ಷರದಂತೆ ಜೋಡಿಸಿದರೆ ಅದರ ಸೊಬಗೆಲ್ಲ ಹೋಗುತ್ತದೆ. ಸ್ನೆಲ್ ರೌಂಡ್‌ಹ್ಯಾಂಡ್ ಎಂಬ ಹೆಸರಾಂತ ಫಾಂಟನ್ನು ಮುಂದಿಟ್ಟುಕೊಂಡು ಅದನ್ನು ಬಳಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮ್ಯಾಥ್ಯೂ ಕಾರ್ಟರ್ ಅವರು 1965ರಲ್ಲಿ ಈ ಫಾಂಟನ್ನು ರೂಪಿಸಿದರು. ಹದಿನೇಳನೆಯ ಶತಮಾನದ ಕೊನೆ ಮತ್ತು ಹದಿನೆಂಟನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಕೈಬರಹ ಕಲಿಸುತ್ತಿದ್ದ ಚಾರ್ಲ್ಸ್ ಸ್ನೆಲ್ ಅವರ ಬರಹ ಇದಕ್ಕೆ ಮಾದರಿ. ಹಕ್ಕಿಯ ಗರಿಯ ಲೇಖನಿಯನ್ನು ಕೆಳಮುಖವಾಗಿ ಒತ್ತಿ ಎಳೆದಾಗ ಗೆರೆ ದಪ್ಪವಾಗುತ್ತಿತ್ತು. ಹಗುರವಾಗಿ ಮೇಲಕ್ಕೆ ಒಯ್ದಾಗ ಕೂದಲೆಳೆಯಷ್ಟು ತೆಳುವಾಗುತ್ತಿತ್ತು. ಸೀಸದ ಮೊಳೆಗಳ ಕಾಲದಲ್ಲಿ ಈ ಬರಹವನ್ನು ಅಚ್ಚಿಗೆ ತರುವುದು ಕಷ್ಟವಾಗಿತ್ತು. ಪ್ರತಿ ಅಕ್ಷರವೂ ಒಂದು ಚೌಕದ ಅಚ್ಚಿನ ಮೇಲೆ ಕೂರಬೇಕಾಗಿದ್ದರಿಂದ, ಓರೆ ಅಕ್ಷರದ ಬಾಲವನ್ನು ಹೊರಚಾಚಿಸಿದರೆ ಅದು ಮುರಿಯುತ್ತಿತ್ತು, ಒಳಗೇ ನಿಲ್ಲಿಸಿದರೆ ಎರಡು ಅಕ್ಷರಗಳ ನಡುವೆ ಬಿರುಕು ಕಾಣುತ್ತಿತ್ತು. ಅಕ್ಷರಗಳನ್ನು ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸುವ ಫೋಟೊ ಟೈಪ್‌ಸೆಟ್ಟಿಂಗ್ ಬಂದ ಮೇಲೆ ಆ ಚೌಕದ ಹಂಗು ತಪ್ಪಿತು. ಕಾರ್ಟರ್ ಅವರು ಆ ಅವಕಾಶವನ್ನು ಬಳಸಿಕೊಂಡು ಅಕ್ಷರಗಳ ಬೆಸುಗೆಯೇ ಕಾಣದಂತೆ ಮಾಡಿದರು. ಮುಂದೆ ಹೇಳುವ ಹಂತಗಳೆಲ್ಲವೂ ಆ ಬೆಸುಗೆಯನ್ನು ಕಾಪಾಡುವುದಕ್ಕಾಗಿಯೇ ಇವೆ.

ಮೊದಲು ಫಾಂಟಿನ ಆಯ್ಕೆ. ಸ್ನೆಲ್ ರೌಂಡ್‌ಹ್ಯಾಂಡ್ ಆ್ಯಪಲ್ ಕಂಪ್ಯೂಟರುಗಳಲ್ಲಿ ಜೊತೆಗೇ ಬರುತ್ತದೆ. ವಿಂಡೋಸ್ ಬಳಸುವವರು ಅದೇ ಬಗೆಯ ಎಡ್ವರ್ಡಿಯನ್ ಸ್ಕ್ರಿಪ್ಟನ್ನೋ, ಉಚಿತವಾಗಿ ಸಿಗುವ ಗ್ರೇಟ್ ವೈಬ್ಸನ್ನೋ ನೋಡಬಹುದು.

ಎರಡನೆಯದಾಗಿ, ಯಾವ ಪದಗಳಿಗೆ ಈ ಅಕ್ಷರ ಬೇಕೆಂದು ಗುರುತಿಸಿಕೊಳ್ಳಬೇಕು. ವಧೂವರರ ಎರಡು ಹೆಸರುಗಳಿಗೆ ಸಾಕು ಎಂಬುದು ನನ್ನ ಅಭಿಪ್ರಾಯ. ಮುಹೂರ್ತ, ದಿನಾಂಕ, ಕಲ್ಯಾಣ ಮಂಟಪದ ವಿಳಾಸಗಳನ್ನು ನೇರವಾಗಿ ನಿಂತ ಸರಳ ಅಕ್ಷರದಲ್ಲಿಯೇ ಕೊಡಬೇಕು. ಇಡೀ ಹೆಸರನ್ನು ದೊಡ್ಡಕ್ಷರಗಳಲ್ಲಿ, ಅಂದರೆ ಕ್ಯಾಪಿಟಲ್ ಅಕ್ಷರಗಳಲ್ಲಿ, ಬರೆಯುವುದಂತೂ ಸಲ್ಲದು. ದೊಡ್ಡಕ್ಷರಗಳ ಸುರುಳಿಗಳು ಪದದ ಆರಂಭಕ್ಕೆಂದೇ ರಚಿತವಾದವು. ಅವನ್ನು ಸಾಲಾಗಿ ನಿಲ್ಲಿಸಿದರೆ ಯಾವ ಸುರುಳಿ ಯಾವ ಅಕ್ಷರದ್ದೆಂದೇ ತಿಳಿಯುವುದಿಲ್ಲ. ನಮ್ಮ ಕಡೆಯ ಇನಿಶಿಯಲ್‌ಗಳ ತೊಡಕೂ ಇದೇ. ಎಚ್, ಎಸ್, ಕೆ ಎಂದು ಮೂರು ಇನಿಶಿಯಲ್‌ಗಳಿರುವ ತಂದೆಯ ಹೆಸರನ್ನು ಕರ್ಸಿವ್‌ನಲ್ಲಿ ಹಾಕಿದರೆ ಹೆಸರಿಗಿಂತ ಇನಿಶಿಯಲ್‌ಗಳೇ ಮೆರೆಯುತ್ತವೆ.

ಮೂರನೆಯ ಹಂತದಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಅಕ್ಷರಗಳ ನಡುವಿನ ಅಂತರವನ್ನು, ಅಂದರೆ ಟ್ರ್ಯಾಕಿಂಗನ್ನು, ಸೊನ್ನೆಯಲ್ಲಿಯೇ ಬಿಡಬೇಕು. ನಮ್ಮ ಮನೆಯ ಒಂದು ಮದುವೆಯಲ್ಲಿ, ಹೆಸರು ಪತ್ರಿಕೆಯ ಅಗಲಕ್ಕೆ ತುಂಬಿಕೊಳ್ಳಲೆಂದು ಡಿಟಿಪಿ ಮಾಡಿದವರು ಅಂತರವನ್ನು ತುಸು ಹಿಗ್ಗಿಸಿದ್ದರು. ಪರದೆಯಲ್ಲಿ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅಚ್ಚಾಗಿ ಬಂದಾಗ ‘ಅನನ್ಯ’ ಎಂಬ ಹೆಸರಿನ ಪ್ರತಿ ಅಕ್ಷರವೂ ಪೋಣಿಸಿದ ದಾರ ಹರಿದ ಮಣಿಯಂತೆ ಬೇರೆಯಾಗಿ ನಿಂತಿತ್ತು. ಆದ್ದರಿಂದ ಪರದೆಯ ಚಿತ್ರವನ್ನು ನಾಲ್ಕು ಪಟ್ಟು ಹಿಗ್ಗಿಸಿ, ‘ಎನ್’ ಅಕ್ಷರದ ಕೊನೆಯ ತೆಳುಗೆರೆ ಮೇಲೇರಿ ಮುಂದಿನ ‘ಎ’ಯ ಹೊಟ್ಟೆಯನ್ನು ಮುಟ್ಟುತ್ತಿದೆಯೇ ಎಂದು ನೋಡಬೇಕು. ಹೆಸರು ದೊಡ್ಡದಾಗಿ ಕಾಣಬೇಕಿದ್ದರೆ ಅಕ್ಷರದ ಗಾತ್ರವನ್ನೇ ಹೆಚ್ಚಿಸಬೇಕು.

ಕರ್ಸಿವ್‌ನ ಸಣ್ಣಕ್ಷರಗಳು ದೊಡ್ಡಕ್ಷರಗಳ ಮುಂದೆ ಬಹಳ ಗಿಡ್ಡವಾದ್ದರಿಂದ 12 ಪಾಯಿಂಟಿನಲ್ಲಿ ಅವು ಓದಲಾಗದಷ್ಟು ಚಿಕ್ಕದಾಗುತ್ತವೆ. ಹೆಸರುಗಳಿಗೆ 30 ಪಾಯಿಂಟಿನ ಆಸುಪಾಸಿನಿಂದ ಆರಂಭಿಸುವುದು ಒಳ್ಳೆಯದು. ಎರಡು ಹೆಸರುಗಳು ಒಂದರ ಕೆಳಗೊಂದು ಬರುವುದಾದರೆ, ಮೇಲಿನ ಸಾಲಿನ ‘ವೈ’ಯ ಬಾಲ ಕೆಳಗಿನ ಸಾಲಿನ ದೊಡ್ಡಕ್ಷರಕ್ಕೆ ತಗುಲದಂತೆ ಸಾಲಿನ ಅಂತರವನ್ನು ಧಾರಾಳವಾಗಿ ಬಿಡಬೇಕು.

ಕನ್ನಡದ ಮಗ್ಗುಲನ್ನೂ ಇದಕ್ಕೆ ಹೊಂದಿಸಲೆಂದು ಕನ್ನಡ ಅಕ್ಷರಗಳನ್ನು ಇಟಾಲಿಕ್ ಗುಂಡಿ ಒತ್ತಿ ವಾಲಿಸುವವರಿದ್ದಾರೆ. ಇದು ಬೇಡ. ಅಚ್ಚಿನ ಕನ್ನಡದ ಅಕ್ಷರಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ತಲೆಕಟ್ಟು, ಒತ್ತುಗಳೊಂದಿಗೆ ಪ್ರತಿಯೊಂದೂ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ. ಅವನ್ನು ಓರೆ ಮಾಡಿದರೆ ಗಾಳಿಗೆ ಒರಗಿದ ಜೋಳದ ದಂಟಿನಂತೆ ಕಾಣುತ್ತವೆಯೇ ಹೊರತು ಕರ್ಸಿವ್ ಆಗುವುದಿಲ್ಲ. ದಪ್ಪ ಮತ್ತು ತೆಳು ಗೆರೆಗಳ ವ್ಯತ್ಯಾಸವಿರುವ ಕನ್ನಡ ಫಾಂಟನ್ನು ನೇರವಾಗಿಯೇ ಬಳಸಿದರೆ ಎರಡೂ ಮಗ್ಗುಲುಗಳು ಹೊಂದಿಕೊಳ್ಳುತ್ತವೆ.

ಮುದ್ರಣಕ್ಕೆ ಕಳುಹಿಸುವ ಮುನ್ನ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರಗಳಿಗೆ, ಬದಲಿಸಬೇಕು. ಇಲ್ಲವಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಬೇರೆ ಅಕ್ಷರ ಬಂದು ಕೂರುತ್ತದೆ. ಹೆಸರುಗಳಿಗೆ ಒಂದೇ ಶಾಯಿಯನ್ನು ಬಳಸುವುದು ಕ್ಷೇಮ, ಏಕೆಂದರೆ ನಾಲ್ಕು ಬಣ್ಣಗಳನ್ನು ಬೆರೆಸಿ ಮರೂನ್ ತರಲು ಹೋದಾಗ ಒಂದು ಬಣ್ಣದ ಅಚ್ಚಿನ ಪ್ಲೇಟು ಕೂದಲೆಳೆಯಷ್ಟು ಸರಿದರೂ ತೆಳುಗೆರೆಯ ಅಂಚು ಕದಡುತ್ತದೆ. ಗಾಢ ಬಣ್ಣದ ಕಾಗದದ ಮೇಲೆ ಚಿನ್ನದ ಫಾಯಿಲ್ ಹಾಕಿಸುವುದಿದ್ದರೆ, ತೆಳುಗೆರೆಗಳು ಅಲ್ಲಲ್ಲಿ ತುಂಡಾಗಬಹುದಾದ್ದರಿಂದ, ಅದೇ ಫಾಂಟಿನ ದಪ್ಪನೆಯ ರೂಪವನ್ನು ಆರಿಸಿಕೊಳ್ಳಬೇಕು.

ಕೊನೆಗೆ, ಕರಡನ್ನು ವಾಟ್ಸ್ಆ್ಯಪ್‌ನಲ್ಲಿ ನೋಡಿ ಒಪ್ಪಿಗೆ ಕೊಡಬಾರದು. ಪತ್ರಿಕೆಗೆ ಆರಿಸಿದ ಕಾಗದದ ಮೇಲೆಯೇ, ಪತ್ರಿಕೆಯ ಅಳತೆಯಲ್ಲಿಯೇ ಒಂದು ಪ್ರತಿ ತೆಗೆಸಿ, ಮದುಮಕ್ಕಳ ಹೆಸರು ಮೊದಲೇ ತಿಳಿದಿರದ ಹಿರಿಯರೊಬ್ಬರ ಕೈಗೆ ಕೊಟ್ಟು ಓದಿಸಬೇಕು. ಅವರು ತಡವರಿಸಿದ ಅಕ್ಷರ ಯಾವುದೋ ಅದರ ಗಾತ್ರವನ್ನೋ ಸುರುಳಿಯನ್ನೋ ಸರಿಪಡಿಸಿದ ಮೇಲೆಯೇ ಮುದ್ರಣಕ್ಕೆ ಕಳುಹಿಸಬೇಕು.