ಹುಳಿ ಮಣ್ಣಿನ ಅಡಿಕೆ ತೋಟಕ್ಕೆ ಸುಣ್ಣ: ಕೊನೆಗೂ ಫಲ ಕೊಟ್ಟ ಕ್ರಮ

ಮಲೆನಾಡಿನ ಜಂಬಿಟ್ಟಿಗೆ ಮಣ್ಣು. ಗೊಬ್ಬರ ಹಾಕಿದರೂ ಸೋಗೆ ಹಳದಿ. ಅಗೆದು ನೋಡಿದರೆ ಬೇರಿನ ತುದಿ ದಪ್ಪಗೆ, ಮೊಂಡು. ಯೂರಿಯಾ ಹೆಚ್ಚಿಸಿದ್ದಕ್ಕೆ ಹುಳಿಯೇ ಏರಿತು. ಸೂಪರ್ ಫಾಸ್ಫೇಟ್ ಕೊಟ್ಟರೆ ರಂಜಕವನ್ನು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡವು; ದುಡ್ಡು ಅಕ್ಷರಶಃ ಮಣ್ಣುಪಾಲು. ಮಣ್ಣು ಪರೀಕ್ಷೆ ಮಾಡಿಸಿದಾಗ ಪಿಎಚ್ (ಹುಳಿಯ ಅಳತೆ; 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು) 4.8.

ಸರಿಹೋದದ್ದು ಹೀಗೆ: ಮುಂಗಾರಿನ ಮೊದಲ ಮಳೆಗೆ ಮಣ್ಣು ಹಸಿಯಾದ ಮೇಲೆ ಮರಕ್ಕೆ ಅರ್ಧ ಕೆಜಿ ಡೋಲೋಮೈಟ್ (ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ). ದರಗು ಸರಿಸಿ, ಬುಡದಿಂದ ಒಂದಡಿ ಬಿಟ್ಟು ಮೂರಡಿವರೆಗೆ ಚೆಲ್ಲಿ, ನಾಲ್ಕು ಬೆರಳು ಆಳ ಕೆದಕಿ ಬೆರೆಸಬೇಕು. ಪುಡಿ ಮೈದಾದಂತಿರಲಿ, ರವೆಯಂತಿದ್ದರೆ ಬೇಗ ಕರಗದು. ಯೂರಿಯಾ ನಾಲ್ಕು ವಾರ ಬಿಟ್ಟು. ಜೊತೆಗೇ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಸುಣ್ಣ ಹೆಚ್ಚಾಗಿ ಪಿಎಚ್ 6.5 ದಾಟಿದರೆ ಸತು, ಬೋರಾನ್ ಕೊರತೆ. ಅಂದಾಜಿಗೆ ಸುರಿಯುವುದು ಪರಿಸರಕ್ಕೂ ನಷ್ಟ: ಒಂದು ಟನ್ ಡೋಲೋಮೈಟ್ ಪೂರ್ತಿ ಕರಗಿದರೆ ಸುಮಾರು 475 ಕೆಜಿವರೆಗೆ ಇಂಗಾಲದ ಡೈಆಕ್ಸೈಡ್ ಹೊರಬೀಳಬಹುದು. ಮರುಪರೀಕ್ಷೆ ಎರಡು ವರ್ಷಕ್ಕೊಮ್ಮೆ.